ಕೆಂಪು ದಾಟಿದ ಗೋಡೆ

ಫೆಬ್ರವರಿ 9, ಬೆಳಿಗ್ಗೆ

ಮತ್ತೆ ಅದೇ. ಎಳೆ ಸಸಿ, ಕೆಂಪು ಬಣ್ಣ, ಮೈಕ್ರೋಸ್ಕೋಪ್. ಬೇರಿನ ಒಳಗಿನ ನೀರುಕೊಳವೆಗಳ ಸುತ್ತ ಒಂದು ಸಾಲು ಜೀವಕೋಶ, ಅವುಗಳ ಸಂದಿಗೆ ಗಾರೆ ಮೆತ್ತಿದಂಥ ಪಟ್ಟಿ. ಸಾದಾ ಸಸಿಯಲ್ಲಿ ಬಣ್ಣ ಆ ಗೋಡೆಗೇ ನಿಲ್ಲುತ್ತದೆ. ನಾವು ಒಂದು ಜೀನ್ ತೆಗೆದ ಸಸಿಯಲ್ಲಿ ಒಳಗೆ ನುಗ್ಗುತ್ತದೆ; ಅಂದರೆ ಗೋಡೆ ಕಟ್ಟುವುದು ಆ ಜೀನ್. ನನ್ನ ಇಡೀ ಥೀಸಿಸ್ ಇಷ್ಟೇ. ಶುಕ್ರವಾರ ನಮ್ಮ ಗೈಡ್ ಮೇಡಂ ಕಾನ್ಫರೆನ್ಸಿನಲ್ಲಿ ಹೇಳುವುದೂ ಇದನ್ನೇ.

ಅಕ್ಕನ ಫೋನ್. "ಇನ್ನೂ ಬೇರೇ ನೋಡ್ತಿದ್ದೀಯಾ? ಹೂವು ಕಾಯಿ ನೋಡೋದು ಯಾವಾಗ ಮಾರಾಯ್ತಿ?" ನಗು ಬರಲಿಲ್ಲ.

ಸಂಜೆ

ಪಕ್ಕದ ಮೇಜಿನ ಹುಡುಗ — ನಾನಿಟ್ಟ ಹೆಸರು 'ಕನ್ನಡಕ' — ಅದೇ ಜೀನ್ ಇಲ್ಲದ ಸಸಿಗಳನ್ನು ಪರೀಕ್ಷಿಸಿದ. ಬಣ್ಣ ಗೋಡೆ ದಾಟಲೇ ಇಲ್ಲವಂತೆ. ಮೇಡಂ ಎಲ್ಲರೆದುರೇ ಬೈದರು. "ನಿನ್ ಕೈ ಸರಿಯಿಲ್ಲ. ನಾಳೆಯಿಂದ ಸಸಿ ಬೆಳೆಸೋ ಪ್ಲೇಟ್ ತೊಳಿ, ಸಾಕು." ತಲೆ ತಗ್ಗಿಸಿ ನಿಂತ. ಪಾಪ ಅನ್ನಿಸಿತು. ಒಳಗೊಳಗೇ ಸಮಾಧಾನವೂ ಆಯಿತು — ಥೂ.

ಫೆಬ್ರವರಿ 10

ಒಂದೇ ಸಮನೆ ಕಸಿವಿಸಿ. ಕನ್ನಡಕ ಉಳಿದ ಸಸಿಗಳನ್ನು ಎಸೆಯುತ್ತಿದ್ದ. ಎಸೆಯುವುದಕ್ಕೂ ಎಲೆ ಹಿಡಿದೇ ಎತ್ತುತ್ತಾನೆ ಪುಣ್ಯಾತ್ಮ. ನಾನು? ಫೋರ್ಸೆಪ್ಸ್ ಹಾಕಿ ಚಿವುಟಿ ಹಿಡಿಯುವುದು ಬೇರನ್ನೇ. ಹೋಲಿಕೆಗೆ ಬಳಸಿದ ಸಾದಾ ಸಸಿಯ ಫೋಟೋಗಳು ಹಿಂದೆ ಸೀನಿಯರ್ ಒಬ್ಬರು ತೆಗೆದವು. ನಾನು ತೆಗೆಯುವ ಗೋಜಿಗೇ ಹೋಗಿರಲಿಲ್ಲ.

ಸಾದಾ ಸಸಿಯನ್ನು ನನ್ನ ಹಾಗೆ ಎತ್ತಿ ಬಣ್ಣಕ್ಕಿಟ್ಟೆ. ಫೋರ್ಸೆಪ್ಸ್ ಹಿಡಿದಲ್ಲೇ ಕೆಂಪು ಒಳಗೆ ಹರಿದಿತ್ತು. ಗೋಡೆ ಒಡೆದದ್ದು ಜೀನ್ ಇಲ್ಲದ್ದಕ್ಕಲ್ಲ... ನಾನು ಚಿವುಟಿದ್ದಕ್ಕೆ.

ಕನ್ನಡಕ ಬಂದು ಇಣುಕಿದ.

"ಸಾದಾ ಸಸೀನಾ ಇದು?"

"ಹೂಂ."

ಕೆಂಪನ್ನೂ ನನ್ನ ಫೋರ್ಸೆಪ್ಸನ್ನೂ ನೋಡಿದ. ಪ್ಲೇಟ್ ತೊಳೆಯಲು ಹೋದ.

ಫೆಬ್ರವರಿ 12, ಮಧ್ಯಾಹ್ನ

ಇನ್ನೂ ಹೇಳಿಲ್ಲ. ಮೇಡಂ ಬಾಗಿಲವರೆಗೆ ಹೋಗುವುದು, ವಾಪಸ್ ಬರುವುದು. ಹೇಳಿದರೆ ಥೀಸಿಸ್ ನೀರುಪಾಲಾಗುತ್ತದೆ. ಹೆದರಿಕೆ, ಅಷ್ಟೇ. ಅತ್ತ ಕನ್ನಡಕ ಪ್ಲೇಟ್ ತೊಳೆಯುವ ಸಿಂಕಿನಲ್ಲಿ ನಲ್ಲಿ ಸುರಿಯುತ್ತಲೇ ಇದೆ. ಆ ಸದ್ದಿಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಫೆಬ್ರವರಿ 13

ಮೇಡಂ ಕಾನ್ಫರೆನ್ಸಿಗೆ ಹೊರಟು ನಿಂತಾಗ ಹೇಳಿಬಿಟ್ಟೆ. ಬ್ಯಾಗ್ ಕೆಳಗಿಟ್ಟರು. ಬೈಯಲಿಲ್ಲ. ಲ್ಯಾಪ್‌ಟಾಪ್ ತೆರೆದು ನನ್ನ ಸ್ಲೈಡ್‌ಗಳನ್ನು ಒಂದೊಂದಾಗಿ ತೆಗೆದುಹಾಕಿದರು. ಆಮೇಲೆ, "ಯಾವಾಗ ಗೊತ್ತಾಯ್ತು ನಿಂಗೆ?"

"ಈಗಷ್ಟೇ ಮೇಡಂ."

ಬಾಯಿಗೆ ಬಂದದ್ದು ಅದೇ. ತಿರುಗಿದರೆ ಬಾಗಿಲಲ್ಲಿ ಕನ್ನಡಕ, ಕೈಯಲ್ಲಿ ತೊಳೆದ ಪ್ಲೇಟುಗಳು.

ಮೇಡಂ ಅವನಿಗೆ, "ನಿನ್ ಕೈ ಸರಿಯಾಗೇ ಇತ್ತು ಕಣಪ್ಪಾ. ಬೇಜಾರ್ ಮಾಡ್ಕೋಬೇಡ. ಆದ್ರೆ ಇವಳನ್ನ ನೋಡು. ಗೊತ್ತಾದ ತಕ್ಷಣ ಬಂದು ಹೇಳಿದ್ಲು. ಕಲ್ತುಕೋ."

"ಸರಿ ಮೇಡಂ" ಅಂದ.

ಈಗ ಪಕ್ಕದ ಮೇಜಿನಲ್ಲೇ ಕೂತಿದ್ದಾನೆ. ನನ್ನ ಕಡೆ ನೋಡುತ್ತಿಲ್ಲ. ಮೇಡಂ ಕಾರು ಇನ್ನೂ ಗೇಟಿನ ಹತ್ತಿರ ಇದೆ. ಓಡಿದರೆ ಸಿಗಬಹುದು. ಓಡಿ ಹೋಗಿ, ಮೂರು ದಿನ ಮೊದಲೇ ಗೊತ್ತಿತ್ತು ಅಂತ —