ಮೂರನೆಯ ಹಾಡು ಬರೆದವಳಿಗೆ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಗಿಡ್ಡಿ,

ಹನ್ನೊಂದು ದಿನಗಳಿಂದ ನೀನು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಅದಕ್ಕೇ ಈ ಕಾಗದ.

ನಮ್ಮಿಬ್ಬರದೂ ಒಂದೇ ಹೆಸರೆಂದು ತಿಳಿದ ದಿನ ನಮ್ಮ ಬ್ಯಾಂಡಿನ ಡ್ರಮ್ಮರ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಕರೆದ್ರೆ ಇಬ್ರೂ ಓಡಿ ಬರ್ತೀರಲ್ರೇ!" ಎಂದು ನಿನ್ನನ್ನು ಗಿಡ್ಡಿ, ನನ್ನನ್ನು ಉದ್ದಿ ಮಾಡಿದ. ಸೈಕಲ್ ಅಂಗಡಿಯ ಮೇಲಿನ ಕೋಣೆಯ ಗೋಡೆಗಳಿಗೆ ಹಳೇ ಕಂಬಳಿ ಹೊಡೆದು, ಕೆಳಗಿನ ಸುತ್ತಿಗೆ ಸದ್ದು ನಿಲ್ಲುವುದನ್ನೇ ಕಾದು ಕಾದು, ಮೂವರೂ ಸೇರಿ ನಮ್ಮ ಮೊದಲ ರೆಕಾರ್ಡ್ ಮುಗಿಸಿದೆವು. ಅದರ ಮೂರನೆಯ ಹಾಡು, ಕಣ್ಣು ಮಂಜಾದ ಅಮ್ಮ ಸೂಜಿಗೆ ದಾರ ಪೋಣಿಸಲು ಕಿಟಕಿಯ ಹತ್ತಿರ ಹೋಗಿ ನಿಲ್ಲುವ ಹಾಡು, ನೀನು ನಿನ್ನ ಅಮ್ಮನಿಗಾಗಿ ಬರೆದದ್ದು. ಅದಕ್ಕೆ ನಾನು ಕೊಟ್ಟದ್ದು ಗಂಟಲು ಮಾತ್ರ.

ರೇಡಿಯೋದವರು ಕರೆದಾಗ ನೀನು ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದೆ. ನಾನೊಬ್ಬಳೇ ಹೋದೆ. ನಿರೂಪಕರು ರೆಕಾರ್ಡಿನ ಕವರ್ ತಿರುಗಿಸಿ ನೋಡಿ, "ಮೂರನೇ ಹಾಡು ಬರೆದಿರೋದು ನೀವೇ ಅಲ್ವಾ? ಹೆಸರಿದೆ ಇಲ್ಲಿ" ಎಂದರು.

ಹೌದು ಎಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಬಾಯ್ತಪ್ಪಿತು ಎನ್ನಬಹುದಿತ್ತು. ನಾನು ನನ್ನಮ್ಮನ ಕಣ್ಣಿನದೇ ಒಂದು ಕಥೆ ಕಟ್ಟಿದೆ. ನನ್ನಮ್ಮ ಕನ್ನಡಕವಿಲ್ಲದೆ ಪೇಪರ್ ಓದುತ್ತಾಳೆ, ನಿನಗೇ ಗೊತ್ತು. ಹೇಳುತ್ತ ಹೇಳುತ್ತ ಅತ್ತೇಬಿಟ್ಟೆ. ಅದು ನಟನೆಯಲ್ಲ ಕಣೇ. ಅದನ್ನು ನೆನೆದಾಗಲೇ ನಾಚಿಕೆಯಿಂದ ಮೈ ಕುಗ್ಗುತ್ತದೆ.

ನಿನ್ನೆ ನಿನ್ನ ಅಕ್ಕ ನಿನ್ನ ಕೀಬೋರ್ಡ್ ತೆಗೆದುಕೊಂಡು ಹೋಗಲು ಕೋಣೆಗೆ ಬಂದಿದ್ದಳು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ.

"ವಾರ್ಡಲ್ಲಿ ರೇಡಿಯೋ ಹಾಕಿದ್ರು. ಅಮ್ಮ ಅಷ್ಟೂ ಕೇಳಿಸ್ಕೊಂಡು, 'ಈ ಹಾಡು ನಂಗೋಸ್ಕರ ಬರೆದಿದ್ದಲ್ವೇನೇ?' ಅಂತ ನನ್ ತಂಗೀನ ಕೇಳಿದ್ರು. ಇವಳು, 'ಇಲ್ಲಮ್ಮ, ಅದು ಅವಳದೇ' ಅಂದ್ಬಿಟ್ಟಳು" ಎಂದಳು. ವೈರ್ ಸುತ್ತುತ್ತ, "ನಿನ್ ಮಾನ ಉಳಿಸೋಕೆ ಅಮ್ಮನ ಹತ್ರ ಸುಳ್ಳು ಹೇಳಿದಾಳೆ ನೋಡು" ಎಂದೂ ಸೇರಿಸಿದಳು.

ಡ್ರಮ್ಮರ್ ನನ್ನ ಮುಖ ನೋಡದೆ ಅವಳ ಹಿಂದೆಯೇ ಕೀಬೋರ್ಡ್ ಹೊತ್ತು ಮೆಟ್ಟಿಲಿಳಿದ.

ಇವತ್ತು ಬೆಳಿಗ್ಗೆ ರೇಡಿಯೋ ಕಚೇರಿಗೆ ಹೋದೆ. "ಹೆಸರು ಒಂದೇ ಆಗಿದ್ರಿಂದ ಗೊಂದಲ ಆಯ್ತು ಅಂತ ಹೇಳಿಬಿಡೋಣ" ಎಂದರು ನಿರೂಪಕರು, ಪಾಪ, ನನ್ನ ಮೇಲಿನ ಕರುಣೆಯಿಂದ. ಬೇಡ ಎಂದೆ. ಮೈಕಿನ ಮುಂದೆ ಕೂತು, ಹಾಡು ನಿನ್ನದು, ನಿನ್ನಮ್ಮನದು, ನಾನು ಹೇಳಿದ್ದು ಸುಳ್ಳು ಎಂದು ನನ್ನ ಬಾಯಿಂದಲೇ ಹೇಳಿ ಬಂದಿದ್ದೇನೆ. ಭಾನುವಾರ ನಾಲ್ಕು ಗಂಟೆಗೆ ಬರುತ್ತದೆ. ನೀನು ಕೇಳದಿದ್ದರೂ ಸರಿ, ಅಮ್ಮನ ಹಾಸಿಗೆಯ ಪಕ್ಕದಲ್ಲಿ ರೇಡಿಯೋ ಹಾಕಿಡು.

ಕ್ಷಮಿಸು ಎಂದು ಕೇಳುವಷ್ಟು ಮುಖ ನನಗೆ ಉಳಿದಿಲ್ಲ. ನಮ್ಮ ಹೆಸರನ್ನು ಕೆಳಗೆ ಬರೆಯಲೂ ಕೈ ಬರುತ್ತಿಲ್ಲ.

ನಿನ್ನ,
ಉದ್ದಿ

ತಾ.ಕ.: ರೇಡಿಯೋದಲ್ಲಿ ಹೇಳಲಾಗದ ಒಂದು ಮಾತು ಉಳಿದಿದೆ. ಕವರ್ ಅಚ್ಚಿಗೆ ಹೋಗುವ ಮೊದಲು ಪ್ರೆಸ್ಸಿನವರು ನನಗೆ ಫೋನ್ ಮಾಡಿದ್ದರು. ಇಬ್ಬರದೂ ಒಂದೇ ಹೆಸರು, ಯಾರೆಂದು ತಿಳಿಯುವುದಿಲ್ಲ, ಇನಿಷಿಯಲ್ ಸೇರಿಸಲೇ ಎಂದು ಕೇಳಿದರು. ಬೇಡ ಎಂದವಳು ನಾನು.