ಸಂಕದ ನೀಲಿ ಹಗ್ಗ

ಮೇ 4, ಸೋಮವಾರ. ಮಧ್ಯಾಹ್ನ 2.10, ಕೊಪ್ಪ, ಡ್ಯೂಟಿ ರೂಮ್

ಆರನೇ ಬೆಡ್ಡಿನ ಡ್ರಿಪ್ ಬದಲಾಯಿಸಿ ಬಂದು ಕೂತೆ. ಊಟದ ಡಬ್ಬಿ ತೆಗೆದಿಲ್ಲ. ಮೊದಲು ಫಾರ್ಮ್.

ಮಲಾವಿ ದೇಶ. ಆಫ್ರಿಕಾ. ಹಳ್ಳಿ ಆಸ್ಪತ್ರೆಯಲ್ಲಿ ಆರು ತಿಂಗಳು ನರ್ಸ್ ಸ್ವಯಂಸೇವೆ. ಕರ್ನಾಟಕದಿಂದ ಒಬ್ಬರು ಮಾತ್ರ. ಇಂಥದ್ದೊಂದು ಹುಡುಕೋಕೆ ಎರಡು ವರ್ಷ ಬೇಕಾಯ್ತು. ಉಳಿದ ಸಂಸ್ಥೆಗಳಿಗೆಲ್ಲ ಬಿಟ್ಟಿ ಕೆಲಸಕ್ಕೂ ಫಾರಿನ್ ಡಿಗ್ರಿಯೇ ಬೇಕಂತೆ!

ಯಾಕೆ ಹೋಗಬೇಕು ಅಂತ ಒಂದು ಕಾಲಂ. ನಿಜ ಬರೆಯೋಕಾಗುತ್ತಾ? ಹುಟ್ಟಿದಾಗಿಂದ ನೋಡ್ತಿದ್ದೀನಿ, ನಮ್ಮ ಕೆರೆಕಟ್ಟೆ ಕಡೆಗೆ ಯಾರ್ಯಾರೋ ಸೇವೆ ಮಾಡೋಕೆ ಬರ್ತಾರೆ. ಕ್ಯಾಂಪು, ಬಿಸ್ಕತ್ತು, ಫೋಟೊ. ಒಂದೇ ಒಂದು ಸಲ ನಾನು ಹೋಗುವವಳಾಗಬೇಕು. ಅದನ್ನ ಬಿಟ್ಟು 'ಮಾನವೀಯತೆ' ಅಂತ ಏನೋ ಬರೆದೆ.

ಮುಂದಿನ ಕಾಲಂ: ಹಳ್ಳಿಯಲ್ಲಿ ಜನರ ಜೊತೆ ಮಾಡಿದ ಕೆಲಸ. ನರಸಿಂಹರಾಜಪುರದಲ್ಲಿ ಎನ್ನೆಸ್ಸೆಸ್ ಕ್ಯಾಂಪ್, ಮೂರು ದಿನ, ಶಾಲೆ ಕಾಂಪೌಂಡಿಗೆ ಸುಣ್ಣ.

ಜೊತೆ ನರ್ಸ್ ಶಬಾನ ಹೆಗಲ ಮೇಲಿಂದ ಇಣುಕಿದಳು. "ಇಷ್ಟೇಯಾ? ಬೇರೆ ಎಂತೂ ಮಾಡ್ಲಿಲ್ವಾ ಮಾರಾಯ್ತಿ?"

"ಇಲ್ಲ."

ಸಬ್ಮಿಟ್.

ಮೇ 10, ಭಾನುವಾರ. ಊರು, ಸಂಜೆ

ಸಂಕ ಹಾಕಿ ಬಂದೆ. ಭುಜ ಬಿದ್ದುಹೋಗಿದೆ. ವರ್ಷವೂ ಮಳೆಗೆ ಮೊದಲು ಮನೆಗೊಬ್ಬರು ಹೋಗಬೇಕು. ಹಳ್ಳದ ಮೇಲೆ ಅಡಿಕೆ ಮರ ಜೋಡಿಸಿ, ಎರಡೂ ತುದಿ ಕಾಡುಬಳ್ಳಿಯಲ್ಲಿ ಬಿಗಿದು, ಹಿಡ್ಕೊಳ್ಳೋಕೆ ಒಂದು ಬಿದಿರು ಕಟ್ಟಿದರೆ ದೀಪಾವಳಿವರೆಗೆ ಅದೇ ದಾರಿ. ಅಪ್ಪನ ಸೊಂಟ ಹೋದಮೇಲೆ ನಮ್ಮನೆಯಿಂದ ನಾನೇ. ಒಂಬತ್ತು ವರ್ಷ.

ಈ ಸಲ ಅತಿಥಿಗಳು. ಬೇಗಾರಿನ ಹೋಮ್‌ಸ್ಟೇಯಲ್ಲಿರುವ ಇಬ್ಬರು ವಿದೇಶಿ ಹುಡುಗಿಯರು, ಜೊತೆಗೊಬ್ಬ ಕ್ಯಾಮೆರಾದವನು. ಹಳ್ಳಿಸೇವೆಗೆ ಬಂದವರಂತೆ. ಒಬ್ಬಳ ಹೆಸರು ಹನ್ನಾ. ಒಳ್ಳೆಯವಳು, ಅಂಗೈ ಸುಲಿದರೂ ಕೆಲಸ ಬಿಡಲಿಲ್ಲ. ಆದ್ರೆ ಆಚೆ ತುದಿಯನ್ನ ತಾನು ತಂದ ನೀಲಿ ನೈಲಾನ್ ಹಗ್ಗದಲ್ಲಿ ಕಟ್ಟಿದಳು. ನೆನೆದ ಮರದ ಮೇಲೆ ನೈಲಾನ್ ಜಾರುತ್ತೆ ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಸಂಕದ ಯಜಮಾನಿಕೆ ವಾಸಪ್ಪ ಮಾವನದು. ಅವರ ಮುಖ ನೋಡಿದೆ.

"ಬಂದೋರಲ್ವನೇ, ಬೇಜಾರಾಗ್ತದೆ. ಕಟ್ಲಿ ಬಿಡು. ಆಮೇಲೆ ಬಿಚ್ಚಿ ಕಟ್ಟಿದ್ರಾತು."

ಆಮೇಲೆ ಕಡುಬು, ಕಾಫಿ, ನಗು. ಯಾರೂ ಬಿಚ್ಚಲಿಲ್ಲ. ಕ್ಯಾಮೆರಾದವನು ನನಗೆ, "ಮೇಡಂ, ಸ್ವಲ್ಪ ಪಕ್ಕಕ್ಕೆ" ಅಂದ. ಸರಿದೆ.

ಮೇ 27, ಬುಧವಾರ

ರಿಜೆಕ್ಟ್.

ಕಾರಣ ಬೇರೆ ಬರೆದಿದ್ದಾರೆ, ದೊಡ್ಡ ಉಪಕಾರ. 'ಗ್ರಾಮೀಣ ಜನರ ನಡುವೆ ಕೆಲಸ ಮಾಡಿದ ಅನುಭವ ಸಾಲದು.' ನನಗೆ! ಬಸ್ಸಿಗೆ ಮೂರು ಮೈಲಿ ನಡೆದು ಓದಿದವಳಿಗೆ!

ಆ ಸೀಟು ಯಾವ ಪುಣ್ಯಾತ್ಗಿತ್ತಿಗೆ ಸಿಕ್ಕಿತು ನೋಡೋಣ ಅಂತ ಅವರ ವೆಬ್‌ಸೈಟ್ ತೆಗೆದೆ. ಮೊದಲ ಪುಟದಲ್ಲೇ ನಮ್ಮ ಸಂಕ. ಹನ್ನಾ ನಡುವೆ ನಿಂತು ನಗ್ತಿದ್ದಾಳೆ. ಅವಳನ್ನ ಕಳಿಸಿದ್ದೂ ಇದೇ ಸಂಸ್ಥೆ! ಕೆಳಗೆ ಸಾಲು: 'ಭಾರತದ ಕುಗ್ರಾಮವೊಂದಕ್ಕೆ ನಮ್ಮ ಸ್ವಯಂಸೇವಕರು ಕಟ್ಟಿಕೊಟ್ಟ ಸೇತುವೆ.' ಎಡಗಡೆ ಅಂಚಿನಲ್ಲಿ ಒಂದು ಮೊಣಕೈ, ಮಾಸಿದ ಹಸಿರು ತೋಳು. ನನ್ನದು.

ಅವಳು ಕಟ್ಟಿದರೆ ಸೇವೆ. ನಾನು ಕಟ್ಟಿದರೆ ಎಂತ? ಮೈಯೆಲ್ಲ ಉರೀತಿದೆ.

ಅಮ್ಮನಿಗೆ ಫೋನ್ ಮಾಡಿ ಕೂಗಾಡಿದೆ. "ಸಂಕ ಹಾಕಿದ್ದನ್ನೆಲ್ಲ ಯಾರಾದ್ರೂ ಬರ್ದು ಕೊಡ್ತಾರನೇ? ಹಂಗಾದ್ರೆ ಹಲ್ಲುಜ್ಜಿದ್ದೂ ಬರೀತೀಯಾ?" ಅಂದಳು. ಅವಳ ಮೇಲೂ ಸಿಟ್ಟು. ಫಾರ್ಮ್ ತುಂಬುವಾಗ ನನಗೂ ಹಾಗೇ ಅನಿಸಿತ್ತಲ್ಲ... ಅದಕ್ಕೆ ಇನ್ನೂ ಸಿಟ್ಟು.

ಮೇ 28

ಆ ಮೊಣಕೈಗೆ ಕೆಂಪು ಬಾಣ ಹಾಕಿ ಮೇಲ್ ಮಾಡಿದೆ. 'ಇದು ನಾನು. ಒಂಬತ್ತು ವರ್ಷದ ಅನುಭವ.' ಕಳಿಸೋ ಮೊದಲು ಶಬಾನ ಓದಿ, "ಬೈಗುಳ ಒಂದು ತೆಗಿಯೇ, ಎರಡು ಇರ್ಲಿ" ಅಂದಳು. ಒಂದು ತೆಗೆದೆ.

ಜೂನ್ 12

ಉತ್ತರ ಬಂತು. ಕ್ಷಮೆ ಕೇಳಿದ್ದಾರೆ. ಸೀಟು ಇನ್ನೂ ತುಂಬಿಲ್ಲ. ಹತ್ತೊಂಬತ್ತಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋ ಇಂಟರ್‌ವ್ಯೂ. ಕೊನೆಗೊಂದು ಸಾಲು — ಮುಂದಿನ ತಂಡ ನಿಮ್ಮೂರಿಗೆ ಬಂದಾಗ ಅಡುಗೆ, ವಸತಿ ನೋಡಿಕೊಳ್ಳುವಿರಾ? ಎಷ್ಟು ಕೊಬ್ಬು!

ಊರಿಂದಲೇ ಮಾತಾಡ್ತೀನಿ. ಹಳ್ಳದ ಆಚೆ ದಡದಲ್ಲಿ ನೆಟ್‌ವರ್ಕ್ ಇದೆ. ಸಂಕ ಬೆನ್ನಿಗೆ ಕಾಣಬೇಕು. ಈ ಸಲ ನಾನು ನಡುವೆ.

ಜೂನ್ 19, ಶುಕ್ರವಾರ. ಮಧ್ಯಾಹ್ನ 12.50, ಶೃಂಗೇರಿ, ಆಸ್ಪತ್ರೆ ಬೆಂಚು

ಒದ್ದೆ ಬಟ್ಟೆಯಲ್ಲೇ ಕೂತು ಬರೀತಿದ್ದೀನಿ.

ಬೆಳಿಗ್ಗೆ ಒಂಬತ್ತಕ್ಕೆ ಪಕ್ಕದ ಮನೆ ಭೈರಮ್ಮಜ್ಜಿಗೆ ಉಸಿರು ಕಟ್ಟೋಕೆ ಶುರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹಳ್ಳದವರೆಗೆ ಹೊತ್ತು ತಂದ್ವಿ. ಆಚೆ ದಡದಲ್ಲಿ, ಬಾಡಿಗೆ ಓಡಿಸುವ ಸಂತೋಷನ ಜೀಪು ಕಾಯ್ತಿದೆ. ಸಂಕ ಇಲ್ಲ. ಆಚೆ ತುದಿ ನೀಲಿ ಹಗ್ಗದಿಂದ ಜಾರಿ ನೀರಿಗೆ ಬಿದ್ದಿದೆ. ನಮ್ಮ ಕಡೆ ಬಳ್ಳಿ ಮಾತ್ರ ಬಿಟ್ಟಿರಲಿಲ್ಲ.

ನರ್ಸ್ ಆಗಿ ಅಲ್ಲಿ ಮಾಡೋಕೆ ಏನೂ ಇರಲಿಲ್ಲ. ಬೇಕಿದ್ದದ್ದು ಆಕ್ಸಿಜನ್. ಸಂತೋಷ ಹಗ್ಗ ಎಸೆದ. ಫೋನನ್ನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿಗಿಟ್ಟು, ಹಗ್ಗ ಸೊಂಟಕ್ಕೆ ಕಟ್ಕೊಂಡು ನೀರಿಗೆ ಇಳಿದೆ. ವಾಸಪ್ಪ ಮಾವ ಹಿಂದಿನಿಂದ ಕೂಗಿದರು, "ದೀಪಶ್ರೀ, ದಾಟಿದ್ಮೇಲೆ ನೀನು ಫೋನ್ ನೋಡ್ಕ. ಸಂಕ ನಾವು ನೋಡ್ಕಳ್ತೀವಿ."

ಆಚೆ ಇದ್ದಿದ್ದು ಸಂತೋಷ ಒಬ್ಬನೇ. ಮರ ಎಳೆದು ಹಿಡಿದ. ನಾನು ಬಳ್ಳಿ ಸುತ್ತಿದೆ. ಹನ್ನೊಂದಕ್ಕೆ ಜೇಬಲ್ಲಿ ಫೋನ್ ಹೊಡ್ಕೊಂಡಿತು. ಎರಡೂ ಕೈ ಗಂಟಿನಲ್ಲಿ. ಬಿಟ್ಟರೆ ಮರ ಹೋಗ್ತಿತ್ತು. ಇನ್ನೊಂದು ಸಲ ಹೊಡ್ಕೊಂಡಿತು. ನಿಂತಿತು. ಆಮೇಲೆ ಅಜ್ಜಿಯನ್ನ ದಾಟಿಸಿದರು.

ಈಗ ಒಳಗಿದ್ದಾರೆ. ಸಂಜೆವರೆಗೆ ಏನೂ ಹೇಳೋಕಾಗಲ್ಲವಂತೆ. "ಒಂದು ಗಂಟೆ ಮೊದಲು ತರಬಾರದಿತ್ತಾ?" ಅಂತ ಡಾಕ್ಟರು ರೇಗಿದರು. ಆ ಒಂದು ಗಂಟೆ ಎಲ್ಲಿ ಹೋಯ್ತು ಅಂತ ನನಗೆ ಗೊತ್ತು.

ಹನ್ನಾಗೆ ಬೈಯೋಣ ಅಂದ್ರೆ, ಅವಳಿಗೇನು ಗೊತ್ತು? ಗೊತ್ತಿದ್ದವಳು ನಾನು. ಒಂದು ಮೊಣಕೈಗೋಸ್ಕರ ಊರೆಲ್ಲ ಕೂಗಾಡಿದೆ. ಆ ಗಂಟಿನ ಬಗ್ಗೆ ಒಂದು ದಿನ ಬಾಯಿ ಬಿಡಲಿಲ್ಲ. ಥೂ.

ಸಂಸ್ಥೆಯ ಮೆಸೇಜ್: ಗೈರಾದದ್ದಕ್ಕೆ ಕಾರಣ ಒಂದೂವರೆಯೊಳಗೆ ತಿಳಿಸಿ, ಇಲ್ಲವಾದರೆ ಸೀಟು ಬೇರೆಯವರಿಗೆ. ಮೊದಲು ಇಲ್ಲಿ ಬರೆದು ನೋಡ್ತೀನಿ.

'ಬೆಳಿಗ್ಗೆಯಿಂದ ಸಂಕ ಕಟ್ಟುತ್ತಿದ್ದೆ. ನಿಮ್ಮ ಮೊದಲ ಪುಟದಲ್ಲಿರುವುದೇ. ಅದು ಬಿತ್ತು. ಆ ಹಗ್ಗ ಜಾರುತ್ತದೆ ಎಂದು ಗೊತ್ತಿದ್ದೂ, ನಿಮ್ಮ ಫೋಟೊಗೆ ಜಾಗ ಬಿಟ್ಟು ಸರಿದು ನಿಂತವಳು ನಾನು. ಅನುಭವದ ಕಾಲಂನಲ್ಲಿ ಇದನ್ನೂ'

ಸಿಸ್ಟರ್ ಬಾಗಿಲಿಗೆ ಬಂದರು. ಭೈರಮ್ಮನ ಕಡೆಯವರು ಯಾರು ಅಂತ ಕೇಳ್ತಿದ್ದಾರೆ. ನಾ—