ಎಷ್ಟನೇ ಸೆಕೆಂಡಿಗೆ ಪಾಪ?

ಜೂನ್ 3, ಮಂಗಳವಾರ. ಮಧ್ಯಾಹ್ನ 1.15

ಹೊಸ ಮಾದರಿಯ ಬ್ರಾ ಕಪ್ ಮೂರನೇ ಸಲವೂ ಸುಕ್ಕು. ಎಡಗಡೆ ಕಾಲು ಇಂಚು ಹೆಚ್ಚು ಬಿಟ್ಟಿದ್ದೇನೆ. ಮತ್ತೆ ಅಳತೆಯ ರಟ್ಟು ಕತ್ತರಿಸಬೇಕು.

ಹತ್ತು ವರ್ಷ ಆಯಿತು ಹೆಂಗಸರ ಒಳಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿ. ಚರ್ಚಿನಲ್ಲಿ ಯಾರಾದರೂ ಕೇಳಿದರೆ ‘ಗಾರ್ಮೆಂಟ್ಸ್’ ಅಂದು ಮಾತು ಬದಲಿಸುತ್ತೇನೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಮದುವೆಯಾಗುವ ಹುಡುಗಿಗೂ ಅಷ್ಟೇ ಹೇಳಿರುವುದು.

ಬೆಳಗ್ಗೆಯಿಂದ ಆಫೀಸ್ ಕಂಪ್ಯೂಟರ್ ಕೈಕೊಟ್ಟಿದೆ. ಬೇರೆ ಕಂಪನಿಯವರು ಕಪ್ಪಿನ ಹೊಲಿಗೆ ಹೇಗೆ ತಿರುಗಿಸುತ್ತಾರೆ ಅಂತ ನನ್ನ ಫೋನಿನಲ್ಲೇ ಹುಡುಕಿದೆ. ನಲವತ್ತಮೂರು ಫೋಟೋ ನೋಡಿದ ಮೇಲೆ ಗೊತ್ತಾಯಿತು — ಎರಡು ತುಂಡು ಮಾಡಿ ಕೂಡಿಸುತ್ತಾರೆ. ಭಲೇ ಜಾಣರು.

ಜೂನ್ 7, ಶನಿವಾರ. ಸಂಜೆ 5

ಕೆಟ್ಟೆ.

ನಮ್ಮ ಚರ್ಚಿನ ಗಂಡಸರೆಲ್ಲ ಇಬ್ಬಿಬ್ಬರಾಗಿ ‘ಕಾವಲು ಜೋಡಿ’. ಇಬ್ಬರ ಫೋನಿನಲ್ಲೂ ಒಂದು ಆ್ಯಪ್. ವಾರವಿಡೀ ನಾನು ನೋಡಿದ್ದರ ಪಟ್ಟಿ ಶನಿವಾರ ನಾಲ್ಕಕ್ಕೆ ಜೋಡಿಯವರಿಗೆ, ಅವರದ್ದು ನನಗೆ. ನನ್ನ ಜೋಡಿ ಹುಡುಗಿಯ ಅಣ್ಣ, ಮುಂದೆ ನನಗೆ ಭಾವ ಆಗಬೇಕಾದವರು. ಹಲ್ಲಿನ ಡಾಕ್ಟರು. ನಲವತ್ತು ಹತ್ತಿರ, ಒಂಟಿ. ಅವರ ಪಟ್ಟಿಯಲ್ಲಿ ಯಾವತ್ತೂ ಹವಾಮಾನ, ಹಲ್ಲು ತುಂಬುವ ಸಿಮೆಂಟು, ಇಷ್ಟೇ. ನನ್ನದರಲ್ಲಿ ಈ ವಾರ ಒಳಉಡುಪಿನ ನಲವತ್ತಮೂರು ಹೆಂಗಸರು. ಆ್ಯಪ್ ಇರುವುದೇ ಮರೆತುಹೋಗಿತ್ತು!

ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ನಮ್ಮಿಬ್ಬರ ಹೆಸರಿನ ಪ್ರಕಟಣೆ ಓದಬೇಕು. ಪ್ರತಿ ಸಲಕ್ಕೂ ಮುಂಚೆ ಗಂಡಿನ ಕಾವಲು ಜೋಡಿಯವರ ಸಹಿ ಬೇಕು. ನಾಳೆ ಮೊದಲನೆಯದು. ಭಾವ ಫೋನ್ ಎತ್ತುತ್ತಿಲ್ಲ.

ಜೂನ್ 8, ಭಾನುವಾರ

ಓದಲಿಲ್ಲ. ಮದುವೆಯಾಗುವ ಇನ್ನೊಂದು ಗಂಡು-ಹೆಣ್ಣಿನ ಹೆಸರು ಓದಿ ಪಾಸ್ಟರ್ ಅಯ್ಯ ಕಾಗದ ಮಡಚಿದರು. ನನ್ನ ಹುಡುಗಿ ಹೆಂಗಸರ ಸಾಲಿನಿಂದ ತಿರುಗಿ ನೋಡಿದಳು. ಮುಖ ಎಲ್ಲಿಡಲಿ? ಗೇಟಿನ ಹತ್ತಿರ ಭಾವ ಅಂದದ್ದು ಇಷ್ಟೇ: “ನಾಳೆ ಸಂಜೆ ಕ್ಲಿನಿಕ್‌ಗೆ ಬಾ. ಒಬ್ನೇ ಬಾ.”

ಜೂನ್ 9, ಸೋಮವಾರ. ಸಂಜೆ 7

ಚೀಲದಲ್ಲಿ ರಟ್ಟು, ಅರ್ಧ ಹೊಲಿದ ಸ್ಯಾಂಪಲ್ಲು ಎಲ್ಲ ತುಂಬಿಕೊಂಡು ಹೋದೆ. ಮೇಜಿನ ಮೇಲೆ ಹರಡಿ ಪಾಠ ಮಾಡಿದೆ. ಇದು ಅಳತೆ, ಇದು ಹೊಲಿಗೆ, ಆ ಫೋಟೋಗಳು ಇದಕ್ಕೆ. ಭಾವನಿಗೆ ಎದೆಭಾರ ಇಳಿಯುತ್ತದೆ ಅಂದುಕೊಂಡಿದ್ದೆ. ಅವರ ಮುಖ ಇನ್ನಷ್ಟು ಸಣ್ಣಗಾಯಿತು.

“ಹಾಗಾದ್ರೆ... ನಿಂಗೆ ಅಂಥದ್ ನೋಡೋ ಚಟ ಇಲ್ವಾ?”

“ಇಲ್ಲ ಭಾವ. ಬರೀ ಕೆಲ್ಸ.”

ರೋಗಿಗಳ ಕುರ್ಚಿಯ ಮೇಲೆ ಹೋಗಿ ಕುಸಿದರು.

“ನನ್ ಪಟ್ಟಿ ಪ್ರತಿ ವಾರ ಕ್ಲೀನಾಗಿ ಬರತ್ತಲ್ಲ, ಯಾಕೆ ಗೊತ್ತಾ? ನನ್ ಹತ್ರ ಆ್ಯಪ್ ಇಲ್ದಿರೋ ಇನ್ನೊಂದ್ ಫೋನ್ ಇದೆ.”

ಹರಡಿದ್ದ ರಟ್ಟುಗಳನ್ನು ಚೀಲಕ್ಕೆ ತುಂಬತೊಡಗಿದೆ.

“ನಿನ್ ಪಟ್ಟಿ ನೋಡಿ ಸಿಟ್ಟು ಬರಬೇಕಿತ್ತು. ಖುಷಿಯಾಯ್ತು ಕಣೋ. ಸದ್ಯ, ನಾನೊಬ್ನೇ ಅಲ್ಲ ಅಂತ. ಆ ಖುಷಿಗೇ ನಾಚಿಕೆಯಾಗಿ ಫೋನ್ ಎತ್ತಲಿಲ್ಲ.”

ಸಹಿ ಹಾಕಿಕೊಟ್ಟರು. ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ಬರಬಾರದಿತ್ತು. ಕೂತು ಎರಡು ಮಾತಾಡಬೇಕಿತ್ತು.

ಜೂನ್ 11, ಬುಧವಾರ. ಮಧ್ಯಾಹ್ನ 1.20

ಇವತ್ತು ಟ್ರಯಲ್. ನಮ್ಮ ಸ್ಯಾಂಪಲ್ ಹಾಕಿಕೊಂಡು ತೋರಿಸಲು ಒಬ್ಬ ಹೆಂಗಸು ಬರುತ್ತಾರೆ. ರಿಜಿಸ್ಟರಿನಲ್ಲಿ ಹೆಸರಿನ ಬದಲು ಅವರ ಅಳತೆ, ‘34 ಬಿ’. ನಾವು ಕರೆಯುವುದೂ ಹಾಗೇ. ಸೂಪರ್‌ವೈಸರ್ ಅಕ್ಕ ಪಿನ್ನು ಚುಚ್ಚುತ್ತಾರೆ, ನಾನು ಎಲ್ಲಿ ಸಡಿಲ, ಎಲ್ಲಿ ಬಿಗಿ ಅಂತ ನೋಡಿ ಬರೆದುಕೊಳ್ಳುತ್ತೇನೆ. ಅವರು ಬರತೊಡಗಿದ ಈ ಆರು ವರ್ಷದಲ್ಲಿ ಒಂದು ದಿನವೂ ಮನಸ್ಸು ಅಲ್ಲಾಡಿಲ್ಲ. ಮೇಜಿನ ಅಂಚು ನೋಡಿದ ಹಾಗೆ.

ಇವತ್ತು ಕೆಲಸ ಮುಗಿಸಿ, ಕತ್ತಿನವರೆಗೆ ಗುಂಡಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಹಲ್ಲಲ್ಲಿ ಪಿನ್ನು ಕಚ್ಚಿಕೊಂಡು ಎರಡೂ ಕೈ ಎತ್ತಿ ಕೂದಲು ಕಟ್ಟುತ್ತಿದ್ದರು. ಹಾಗೇ ನಿಂತುಬಿಟ್ಟೆ. ಕಣ್ಣು ಕೀಳಲಾಗಲಿಲ್ಲ. ಅರೆ, ಇದೇನಿದು?

“ಏನ್ ಮಾಸ್ಟರ್, ಏನಾದ್ರೂ ಮರ್ತ್ರಾ?”

“ಟೇಪು,” ಅಂದೆ.

ಟೇಪು ನನ್ನ ಕೊರಳಲ್ಲೇ ಇತ್ತು. ಅವರೂ ನೋಡಿದರು.

ನಾಲ್ಕು ಸೆಕೆಂಡ್ ಇರಬಹುದು. ಆ್ಯಪಿಗೆ ಇದರ ಸುದ್ದಿಯೇ ಇಲ್ಲ. ಕೆಲಸದ ನಲವತ್ತಮೂರನ್ನು ಹಿಡಿಯಿತು, ಇದನ್ನು ಬಿಟ್ಟಿತು. ನೋಡಿ ಆಶಿಸಿದರೆ ಮನಸ್ಸಿನಲ್ಲೇ ತಪ್ಪು ಮಾಡಿದ ಹಾಗೆ ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಹಾಗಾದರೆ ಎಷ್ಟನೇ ಸೆಕೆಂಡಿಗೆ? ಮೊದಲನೆಯದಕ್ಕಾ, ನಾಲ್ಕನೆಯದಕ್ಕಾ? ನಿಜಕ್ಕೂ ತಿಳಿದುಕೊಳ್ಳಬೇಕು ಅನ್ನಿಸಿದೆ.

ಜೂನ್ 13, ಶುಕ್ರವಾರ. ಸಂಜೆ 6.30

ಪಾಸ್ಟರ್ ಅಯ್ಯ ಚರ್ಚಿನ ಹಿಂಬಾಗಿಲ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಎಷ್ಟನೇ ಸೆಕೆಂಡಿಗೆ ಪಾಪ ಅಂತ ಕೇಳಿಯೇಬಿಟ್ಟೆ.

“ಇದನ್ನೂ ಟೇಪ್ ಹಿಡ್ದು ಅಳೀತೀಯೇನೋ?” ಅಂದರು. ಆಮೇಲೆ ಬಾಗಿಲನ್ನು ಒಮ್ಮೆ ಆಡಿಸಿ ನೋಡಿ, “ಕಣ್ಣಿಗೆ ಬಿದ್ದದ್ದು ಪಾಪ ಅಲ್ಲ ಮಗ. ಅವಳೂ ಒಬ್ಬ ಮನುಷ್ಯಳು ಅನ್ನೋದನ್ನ ಮರ್ತು, ನನ್ ಹಸಿವಿಗೆ ಅಂತಾನೇ ಇರೋಳು ಅನ್ಕೊಂಡ್ ನೋಡ್ತೀಯಲ್ಲ, ಅದು ಪಾಪ.”

ಬಸ್ಸಿನಲ್ಲಿ ಇದೇ ಯೋಚನೆ. ಆರು ವರ್ಷ ಆಸೆ ಇಲ್ಲದೆ ನೋಡಿದೆ. ಆದರೆ ಅವರೂ ಮನುಷ್ಯರು ಅನ್ನುವುದು ಆ ಆರು ವರ್ಷ ನೆನಪಿತ್ತಾ? ಮಕ್ಕಳಿದ್ದಾರಾ ಅಂತಲೂ ಗೊತ್ತಿಲ್ಲ. ಅವರು ನನಗೆ ಮನುಷ್ಯರಾಗಿ ಕಂಡದ್ದೇ ಆ ನಾಲ್ಕು ಸೆಕೆಂಡಿನಲ್ಲಿ. ಹಾಗಾದರೆ ಪರಿಶುದ್ಧವಾಗಿದ್ದದ್ದು ಯಾವುದು? ಇದನ್ನೂ ಕೇಳಿದ್ದರೆ ಅಯ್ಯ ಎಣ್ಣೆ ಡಬ್ಬಿಯಲ್ಲೇ ಬಾರಿಸುತ್ತಿದ್ದರೋ ಏನೋ.

ಇನ್ನೊಂದನ್ನೂ ಬರೆಯಬೇಕು. ನಿನ್ನೆ ಬೇಕೆಂದೇ ಮೆಟ್ಟಿಲ ಕಡೆ ಹೋಗಿದ್ದೆ. ಅವರು ಬಂದಿರಲಿಲ್ಲ. ಇದಕ್ಕೆ ಸೆಕೆಂಡು ಎಣಿಸುವ ಅಗತ್ಯವಿಲ್ಲ.

ಜೂನ್ 14, ಶನಿವಾರ

ಭಾವನಿಗೆ ಹೇಳಿದೆ. ಮೆಟ್ಟಿಲು, ಕೂದಲು, ಮರುದಿನ ಹೋದದ್ದು, ಎಲ್ಲ. ಸಹಿ ವಾಪಸ್ ತೆಗೆದುಕೊಂಡರೆ ತೆಗೆದುಕೊಳ್ಳಲಿ.

“ಕೂದ್ಲು ಕಟ್ತಿದ್ಲು, ಅಷ್ಟೇನಾ?” ನಗತೊಡಗಿದರು. ನಗುನಗುತ್ತಲೇ ಕಣ್ಣು ಒರೆಸಿಕೊಂಡರು. ಡ್ರಾಯರಿನಿಂದ ಆ ಎರಡನೇ ಫೋನು ತೆಗೆದು ನನ್ನ ಕೈಗಿಟ್ಟರು. “ನಿನ್ ಹತ್ರಾನೇ ಇರ್ಲಿ. ನಾನ್ ಕೇಳಿದ್ರೂ ಕೊಡ್ಬೇಡ.” ಆಮೇಲೆ ಅಣ್ಣನ ದನಿಯಲ್ಲಿ, “ನನ್ ತಂಗಿಗೆ ನಾನ್ ಹೇಳಲ್ಲ. ನೀನೇ ಹೇಳು. ಹೇಳಿದ್ ಮೇಲೇ ಮುಂದಿನ್ ಸಹಿ.”

ಜೂನ್ 15, ಭಾನುವಾರ

ಮೊದಲ ಪ್ರಕಟಣೆ ಓದಿದರು. ಅವಳು ನಕ್ಕಳು. ಹೇಳಲು ಬಾಯಿ ಬರಲಿಲ್ಲ.

ಜೂನ್ 20, ಶುಕ್ರವಾರ. ಸಂಜೆ 6

ಹೇಳಿದೆ. ಅವಳ ಶಾಲೆಯ ಲ್ಯಾಬಿನಲ್ಲಿ. ವಿಜ್ಞಾನದ ಟೀಚರು, ಬೀಕರು ತೊಳೆಯುತ್ತಿದ್ದಳು.

ನೌಕರಿಯ ವಿಷಯಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ, ನಾನ್ ಹಾಕ್ಕೊಳ್ಳೋದೂ ನೀವೇ ಕತ್ತರಿಸಿದ್ದಾ ಏನ್ ಕಥೆ?” ಕೂದಲಿನ ವಿಷಯಕ್ಕೆ ನಗು ನಿಂತಿತು. ನಲ್ಲಿಯನ್ನೂ ನಿಲ್ಲಿಸಿದಳು.

“ನನ್ನ ನೋಡಿ ಹಾಗಾಗಿದ್ಯಾ?”

“ಎಷ್ಟೋ ಸಲ. ಮದ್ವೆಗೆ ಮುಂಚೆ ತಪ್ಪು ಅಂತ ಪ್ರಾರ್ಥನೆ ಮಾಡಿ ಓಡಿಸ್ದೆ.”

“ಓಡಿಸಿದ್ರಾ!” ಬೀಕರನ್ನು ಕುಕ್ಕಿದಳು. ಒಡೆಯಲಿಲ್ಲ, ಪುಣ್ಯ. “ಅವಳನ್ನ ನೋಡೋಕೆ ಮರುದಿನ ಹೋದ್ರಿ, ನನ್ನ ಓಡಿಸಿದ್ರಿ.”

ಬೀಕರನ್ನು ಮತ್ತೆ ಎತ್ತಿಕೊಂಡಳು. ಒರೆಸುತ್ತ ಒರೆಸುತ್ತ ಅಂದಳು.

“ಬಟ್ಟೆ ಹೇಗ್ ಹಾಕ್ಕೋಬೇಕು, ಹೇಗ್ ಕೂತ್ಕೋಬೇಕು ಅಂತ ನಮ್ ಹೆಂಗಸರ ಕೂಟದಲ್ಲಿ ವರ್ಷಗಟ್ಲೆ ಹೇಳಿದ್ದಾರೆ. ನೀವೂ ಯಾರನ್ನಾದ್ರೂ ನೋಡ್ತೀರಾ ಅಂತ ನಮ್ಮನ್ನ ಇವತ್ತಿನವರೆಗೂ ಒಬ್ರೂ ಕೇಳಿಲ್ಲ.”

“ನೋಡ್ತೀಯಾ?”

“ಭಾನುವಾರ ಹೇಳ್ತೀನಿ, ಪ್ರಕಟಣೆಗೆ ಮುಂಚೆ. ಕೇಳಿದ್ ಮೇಲೆ ಬೇಡ ಅನ್ಸಿದ್ರೆ ನೀವು ಬೇಡ ಅನ್ಬಹುದು. ನಾನೂ ಇನ್ನೂ ಹೂಂ ಅಂದಿಲ್ಲ.”

ಜೂನ್ 22, ಭಾನುವಾರ. ಬೆಳಗ್ಗೆ 8.40

ಚರ್ಚಿನ ಅಂಗಳದ ಬೆಂಚು. ಇನ್ನೂ ಯಾರೂ ಬಂದಿಲ್ಲ. ಭಾವನ ಸಹಿ ಜೇಬಿನಲ್ಲಿದೆ. ಅವಳು ಹೂಂ ಅನ್ನದಿದ್ದರೆ ಅದೊಂದು ಕಾಗದ, ಅಷ್ಟೇ.

ಯಾರನ್ನು ನೋಡಿದ್ದಾಳೋ. ಭಯ ಇದೆ. ಅದಕ್ಕಿಂತ ಕುತೂಹಲ ಹೆಚ್ಚು. ನನ್ನೊಬ್ಬನ ಹೆಸರೇ ಇರಲಿ ಅಂತ ಒಳಗೊಳಗೇ ಆಸೆ. ಮೊನ್ನೆ ಅವಳಿಗೂ ಇದೇ ಆಸೆ ಇತ್ತಲ್ಲ. ನಾನು ಕೊಡಲಾಗಲಿಲ್ಲ.

ಬರುತ್ತಿದ್ದಾಳೆ. ಕೈಯಲ್ಲಿ ಒಂದು ನೋಟ್‌ಬುಕ್ಕು. ದಪ್ಪಗಿದೆ... ನನ್ನದಕ್ಕಿಂತ ದಪ್ಪ. ಪಕ್ಕದಲ್ಲೇ ಕೂತಳು.

“ಏನ್ ಬರೀತಿದ್ದೀರಿ? ಅದನ್ನ ಕೊಡಿ. ಇದನ್ನ ತಗೊಳ್ಳಿ.”

ಒಂದು ನಿಮಿಷ, ಈ ಸಾಲು ಮುಗಿಸಿ